ಬೆಲ್ಲದ ವ್ಯಾಪಾರಿಯ ಕುದುರೆ

ಮಠಕ್ಕೆ ಅಂದು ದೊಡ್ಡ ಗಂಡಾಂತರ ಒದಗಿತ್ತು. ನಾಯಿ ಕೆಂಚ ಹಿಂದಿನ ಗೇಟಿನ ಸಂದಿಯಲ್ಲಿ ನುಸುಳಲು ಹೋಗಿ ಸೊಂಟದ ಬಳಿ ಸಿಕ್ಕಿಕೊಂಡಿತ್ತು. ಬಿಡಿಸಲು ಬಂದ ಪಶುವೈದ್ಯರು ಎಚ್ಚರಿಕೆ ಹೇಳಿ ಹೋದರು. ಸಂತಾನಹರಣ ಚಿಕಿತ್ಸೆಯಾದ ನಾಯಿಗೆ ಹಾರ್ಮೋನು ತಗ್ಗಿ ಹಸಿವು ಹೆಚ್ಚುತ್ತದೆ, ತಿಂದದ್ದು ಕರಗುವುದು ಕಡಿಮೆಯಾಗುತ್ತದೆ. ಕೊಬ್ಬು ಹೀಗೇ ಏರಿದರೆ ಸಕ್ಕರೆ ಕಾಯಿಲೆಯೂ ಬಂದೀತು. ಅಳತೆಯ ಊಟ ಬಿಟ್ಟು ಇನ್ನೇನೂ ಹಾಕಬೇಡಿ.

ದಾಸೋಹದ ಅಡುಗೆ ನೋಡಿಕೊಳ್ಳುವ ಶಿಷ್ಯ ರೇವಯ್ಯನಿಗೆ ಇದು ನುಂಗಲಾರದ ತುತ್ತಾಯಿತು. ಹೆಗಲ ವಲ್ಲಿಯನ್ನು ಎದೆಗೆ ಅವುಚಿಕೊಂಡು ಗುರುಗಳ ಮುಂದೆ ನಿಂತ.

“ಬುದ್ಧಿ, ಹಸಿದು ಬಂದವರಿಗೆ ಇಲ್ಲವೆನ್ನಬಾರದು ಅಂತ ನೀವೇ ಹೇಳಿಕೊಟ್ಟಿರಿ. ಕೆಂಚ ಬಾಲ ಆಡಿಸಿಕೊಂಡು ಬಂದರೆ ಹೇಗೆ ಇಲ್ಲವೆನ್ನಲಿ? ಹಾಕದಿದ್ದರೆ ನನಗೆ ಪಾಪ, ಹಾಕಿದರೆ ಅದರ ಪ್ರಾಣಕ್ಕೆ ಸಂಚಕಾರ.”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬೆಲ್ಲದ ವ್ಯಾಪಾರಿಗೆ ಒಂದು ಕುದುರೆ ಇತ್ತು. ಪ್ರಾಯದಲ್ಲಿ ಅದರ ಮೇಲೆ ಸಂತೆಯಿಂದ ಸಂತೆಗೆ ತಿರುಗಿದ. ಊರು ಮುಟ್ಟಿದಾಗ ದಣಿದ ಕುದುರೆಗೆ ಒಂದು ಅಚ್ಚು ಬೆಲ್ಲ ಕೊಡುವುದು ಅವನ ಪದ್ಧತಿ. ಮುಂದೆ ವ್ಯಾಪಾರ ಮಕ್ಕಳ ಕೈಸೇರಿತು. ತಿರುಗಾಟ ನಿಂತಿತು, ಬೆಲ್ಲ ನಿಲ್ಲಲಿಲ್ಲ. ಅವನ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಕುದುರೆ ಲಾಯದಲ್ಲಿ ಕೆನೆಯುತ್ತಿತ್ತು. ಆ ಮನೆಯಲ್ಲಿ ಅವನನ್ನು ಕಂಡು ಹಿಗ್ಗುವ ಜೀವ ಅದೊಂದೇ. ಕುದುರೆ ಊದಿತು. ಗೊರಸು ನೊಂದು, ಕಾಲು ನೆಲಕ್ಕೆ ಊರಲಾರದಾಯಿತು.

ವೈದ್ಯ ಬಂದು ನೋಡಿದ. “ಬೆಲ್ಲ ನಿಲ್ಲಿಸು. ಇಲ್ಲವಾದರೆ ಇದು ಮತ್ತೆ ಏಳುವುದಿಲ್ಲ.”

“ಅದು ಬಾಯಿಬಿಟ್ಟು ಕೇಳುತ್ತದಲ್ಲ, ಸ್ವಾಮಿ! ಕೊಡದಿದ್ದರೆ ನೊಂದುಕೊಳ್ಳುತ್ತದೆ.”

“ಹಾಗಾದರೆ ಉಗುರಿನಷ್ಟು ಕೊಡು. ಆದರೆ ಆಳಿನ ಕೈಯಿಂದ ಕೊಡಿಸು.”

ವ್ಯಾಪಾರಿ ದಿಗಿಲುಬಿದ್ದ. “ಆಳಿನ ಕೈಯಿಂದಲೇ? ಆಮೇಲೆ ಅದು ಅವನನ್ನು ಕಂಡು ಕೆನೆಯುತ್ತದೆ!”

ವೈದ್ಯ ತನ್ನ ಚೀಲ ಕಟ್ಟಿದ. “ಪಥ್ಯ ಯಾರಿಗೆಂದು ಈಗ ಗೊತ್ತಾಯಿತು” ಎಂದು ಹೊರಟುಹೋದ.

ಅಂದಿನಿಂದ ವ್ಯಾಪಾರಿ ಬರಿಗೈಯಲ್ಲಿ ಲಾಯಕ್ಕೆ ಹೋಗಿ ಕುದುರೆಯ ಮೈ ತಿಕ್ಕಿದ. ಅದು ಮೊದಮೊದಲು ಬೆನ್ನು ತಿರುಗಿಸಿ ನಿಂತಿತು. ಗೊರಸು ವಾಸಿಯಾದ ಮೇಲೆ ಒಂದು ಬೆಳಿಗ್ಗೆ, ಅವನು ಬಾಗಿಲಿಗೆ ಬರುವ ಮೊದಲೇ ಕೆನೆಯಿತು.

ಕತೆ ಮುಗಿಯಿತು.

“ಎಂಥ ಆಸೆಬುರುಕ, ಬುದ್ಧಿ, ಆ ವ್ಯಾಪಾರಿ!” ಎಂದ ರೇವಯ್ಯ.

“ಹೌದಪ್ಪ. ನಿನ್ನ ವಲ್ಲಿಯ ಗಂಟಿನಲ್ಲಿರುವ ಹೋಳಿಗೆ ಯಾರ ಹಸಿವಿಗೆ?” ಎಂದರು ಗುರುಗಳು.

ರೇವಯ್ಯ ಗಂಟು ಬಿಚ್ಚಿದ. ಹೋಳಿಗೆಯನ್ನು ತಾನೇ ತಿಂದ. ಮಳೆಗಾಲ ಮುಗಿಯುವ ಹೊತ್ತಿಗೆ ಕೆಂಚ ಗೇಟಿನ ಸಂದಿಯಲ್ಲಿ ಹೋಗುತ್ತಿತ್ತು, ಬರುತ್ತಿತ್ತು.