ಕಾಸು ಕಸವಾದ ಪೇಟೆ

ಹೂಂಗುಡ್ತಾ ಕೇಳಿ ಮಕ್ಕಳೇ. ನೀವು ಹೂಂ ಅನ್ನೋದು ನಿಲ್ಲಿಸಿದರೆ ಕತೆಯೂ ನಿಂತುಬಿಡುತ್ತೆ.

ಕೆಂಗಲ್ಲು ಅಂತ ಒಂದು ರಾಜ್ಯ. ಅಲ್ಲಿ ಮಾಳವ್ವ ಅಂತ ಒಬ್ಬಳು ಸೂಲಗಿತ್ತಿ. ಯಾರ ಮನೇಲಿ ಹೆರಿಗೆಯಾದರೂ ಅವಳೇ ಬೇಕು. ಅವರು ಕೊಟ್ಟ ಕಾಸನ್ನ ಸೆರಗಿಗೆ ಗಂಟು ಹಾಕಿಕೊಳ್ಳೋಳು, ಬೇಕಾದ್ದನ್ನ ಪೇಟೇಲಿ ಕೊಳ್ಳೋಳು.

ಆ ಪೇಟೆಗೆ ರುದ್ರಾಜಪ್ಪ ಯಜಮಾನ. ಅವನೊಂದು ಹೊಸ ಪದ್ಧತಿ ತಂದ. ಅವನ ಹತ್ತಿರ ಮೂಟೆ ದುಡ್ಡು ಇಟ್ಟವರಿಗೆ ಒಂದು ಮುದ್ರೆಯುಂಗುರ. ಅಂಗಡೀಲಿ ಅರಗಿನ ಮೇಲೆ ಉಂಗುರ ಒತ್ತಿದರೆ ಸಾಕು, ಸಾಮಾನು ಕೈಗೆ; ಬೆಲೆ ಅವರ ಮೂಟೆಯ ಲೆಕ್ಕದಲ್ಲಿ ಕಳೆಯೋದು. ಒತ್ತಿದಾಗೆಲ್ಲ ಯಜಮಾನನಿಗೊಂದು ಪಾಲು. ಉಳ್ಳವರಿಗೆ ಇದು ಹಿಡಿಸಿತು. ಆಮೇಲೆ ಅವನು ಅಂಗಡಿಯವರನ್ನೆಲ್ಲ ಕರೆದು, "ಇನ್ನು ಕಾಸು ಮುಟ್ಟಬೇಡಿ. ಕಾಸು ಅಂದ್ರೆ ಕಸ," ಅಂದ.

ಒಂದು ಮಧ್ಯಾಹ್ನ ನೇಕಾರರ ಕೇರಿಯ ಗಿರಿಜೆಗೆ ಹೆರಿಗೆಯಾಯಿತು. ಮಗು ಗಟ್ಟಿಯಾಗಿ ಅತ್ತಿತು. ತಾಯಿಗೆ ಮಾತ್ರ ನಡುಕ ಹತ್ತಿ, ಮೈ ತಣ್ಣಗಾಗ್ತಾ ಬಂತು. ಕಷಾಯಕ್ಕೆ ಮನೇಲಿ ಒಣಶುಂಠಿಯ ಚೂರೂ ಇರಲಿಲ್ಲ. ಮಾಳವ್ವ ಪೇಟೆಗೆ ಓಡಿದಳು.

ಮೊದಲನೇ ಅಂಗಡಿ. "ಉಂಗುರ ಎಲ್ಲಿ?"

"ಉಂಗುರ ಇಲ್ಲಪ್ಪ, ಕಾಸಿದೆ."

"ಮುಂದೆ ಹೋಗವ್ವ."

ಎರಡನೇ ಅಂಗಡಿಯವನು ತಲೆ ಎತ್ತಲೂ ಇಲ್ಲ, ಕೈಯಾಡಿಸಿ ಕಳಿಸಿದ.

ಮೂರನೇ ಅಂಗಡೀಲಿ ಮಾಳವ್ವ ಕಟ್ಟೆ ಹತ್ತಿಬಿಟ್ಟಳು. "ಲೋ, ನೀನು ಹುಟ್ಟಿದಾಗ ಈ ಕೈಲೇ ಎತ್ತಿಕೊಂಡೆ ಕಣೋ. ಅಲ್ಲೊಬ್ಬಳು ಸಾಯ್ತಿದ್ದಾಳೆ!"

ಅವನು ತಲೆ ತಗ್ಗಿಸಿದ. "ಕಾಸು ತಗೊಂಡ್ರೆ ಯಜಮಾನರು ಅಂಗಡಿ ಮುಚ್ಚಿಸ್ತಾರೆ, ಅವ್ವಾ."

ಸೆರಗಿನ ತುಂಬ ಕಾಸು, ಕೈ ಬರಿದು. ಮಾಳವ್ವ ಮನೆ ಮನೆ ಬಾಗಿಲು ಬಡಿದಳು. ಕೊನೆಗೆ ಗಾಣದವರ ಹೆಂಗಸು ಒಂದು ತುಂಡು ಶುಂಠಿ ಕೊಟ್ಟಳು. ಓಡಿ ಬಂದು ನೋಡಿದರೆ ಗಿರಿಜೆಯ ತುಟಿ ನೀಲಿಗಟ್ಟಿತ್ತು. ಕಷಾಯ ಹನಿಹನಿಯಾಗಿ ಒಳಗಿಳಿದ ಮೇಲೆ, ಸಂಜೆಗೆ ಕಣ್ಣು ಬಿಟ್ಟಳು.

ಬದುಕಿದಳು, ನಿಜ. ಆದರೆ ಮಾಳವ್ವನಿಗೆ ಕೂತಲ್ಲಿ ಕೂರೋಕಾಗಲಿಲ್ಲ. ನಾಳೆ ಇನ್ನೊಬ್ಬಳಿಗೆ ಹೀಗಾದರೆ? ಸೀದಾ ಅರಮನೆಗೆ ಹೋಗಿ ರಾಜನಿಗೆ ಎಲ್ಲ ಹೇಳಿದಳು.

"ನನ್ನ ಮುದ್ರೆ ಇರೋ ಕಾಸನ್ನೇ ಒಲ್ಲೆ ಅಂತಾರಾ!" ಅಂತ ರಾಜ ಡಂಗುರ ಹೊಡೆಸಿದ: ಎಲ್ಲ ಅಂಗಡಿಯವರೂ ಕಾಸು ತಗೊಳ್ಳಲೇಬೇಕು.

ರುದ್ರಾಜಪ್ಪ ಬಗ್ಗೋನಲ್ಲ. ಅವನು ಹೇಳಿಕೊಟ್ಟಂತೆ ಅಂಗಡಿಯವರು ಮೊದಲನೇ ದಿನ "ಚಿಲ್ಲರೆ ಇಲ್ಲ" ಅಂದರು. ಎರಡನೇ ದಿನ "ಕಾಸು ತೊಳೆದು, ಒಣಗಿಸಿ ತನ್ನಿ" ಅಂದರು. ಮೂರನೇ ದಿನ ಕಾಸಿನವರನ್ನ ಬೇರೆ ಸಾಲಲ್ಲಿ ನಿಲ್ಲಿಸಿದರು. ಹೊತ್ತು ಮುಳುಗಿದರೂ ಆ ಸಾಲು ಕದಲಲಿಲ್ಲ. ಕೇಳಿದರೆ, "ತಗೊಳ್ಳಲ್ಲ ಅಂತ ನಾವೆಲ್ಲಿ ಅಂದ್ವಿ?"

ಮಾಳವ್ವ ಮತ್ತೆ ಅರಮನೆಗೆ ಹೋದಳು. "ಬುದ್ಧೀ, ಒಂದು ಗಳಿಗೆ ತಳವಾರನನ್ನ ನನ್ನ ಜೊತೆ ಕಳಿಸಿ," ಅಂದಳು. ರಾಜ ಒಪ್ಪಿದ.

ಪೊರಕೆ, ಮಂಕರಿ ಹಿಡಿದು, ಕೇರಿಯ ಹೆಂಗಸರನ್ನೆಲ್ಲ ಕರೆದುಕೊಂಡು ರುದ್ರಾಜಪ್ಪನ ಮನೆಗೆ ನುಗ್ಗಿದಳು. ನಡುಮನೇಲಿ ಕಾಸಿನ ಮೂಟೆಗಳು. ಒಂದರ ಬಾಯಿ ಬಿಚ್ಚಿ ಸುರಿದು, ಬರಬರ ಗುಡಿಸತೊಡಗಿದಳು.

"ಏನೇ ಇದು?" ಅಂತ ಅವನು ಊಟದ ಎಂಜಲು ಕೈಯಲ್ಲೇ ಓಡಿಬಂದ.

"ಕಸ ಗುಡಿಸ್ತಿದ್ದೀನಿ ಯಜಮಾನರೇ. ಕಾಸು ಕಸ ಅಂತ ನೀವೇ ಹೇಳಿದ್ದೀರಲ್ಲ. ದೊಡ್ಡವರ ಮನೇಲಿ ಇಷ್ಟು ಕಸ ಇದ್ರೆ ಚೆನ್ನಾಗಿರುತ್ತಾ? ತಿಪ್ಪೆಗೆ ಹಾಕಿಬರ್ತೀವಿ."

ರುದ್ರಾಜಪ್ಪ ಮೂಟೆಗಳ ಮೇಲೆ ಬೋರಲು ಬಿದ್ದ. "ಮುಟ್ಟಬೇಡ! ಇದು ದುಡ್ಡು ಕಣೇ! ರಾಜರ ಮುದ್ರೆ ಬಿದ್ದ ಚೊಕ್ಕ ದುಡ್ಡು! ಇದನ್ನ ಯಾರು ಬೇಡ ಅಂತಾರೆ?"

"ಕೇಳಿಸ್ತಾ ತಳವಾರಪ್ಪ?" ಅಂದಳು ಮಾಳವ್ವ.

ಕೇಳಿಸಿತ್ತು. ತಳವಾರನಿಗೂ, ಬೀದಿಗೂ. ತಳವಾರ ಹೇಳಿದ್ದು ಕೇಳಿ ರಾಜ ರುದ್ರಾಜಪ್ಪನ ಯಜಮಾನಿಕೆ ಕಿತ್ತುಕೊಂಡ. ಉಂಗುರ ಇದ್ದವರು ಒತ್ತಿಕೊಳ್ಳಲಿ ಅಂದ. ಆದರೆ ಕಾಸು ತಂದವರನ್ನ ಸತಾಯಿಸಿದ ಅಂಗಡಿಯವನು ಆ ಸಾಮಾನನ್ನ ಪುಕ್ಕಟೆ ಕೊಡಬೇಕು ಅಂತ ಕಟ್ಟಳೆ ಮಾಡಿದ. ರುದ್ರಾಜಪ್ಪ ಒಂದು ವರ್ಷ ಪೇಟೆಯ ಮೂಲೇಲಿ ಕೂತು, ಬಂದ ಬಂದವರಿಗೆಲ್ಲ ಚಿಲ್ಲರೆ ಕೊಡಬೇಕಾಯಿತು.

ನೋಡಿ ಮಕ್ಕಳೇ, ಅಂಗಡಿ ಇರೋದು ಊರಿನ ಎಲ್ಲರಿಗೂ. ಕೆಲವರಿಗೆ ಸಲೀಸಾಯಿತು ಅಂತ, ಕೈಯಲ್ಲಿ ಕಾಸು ಹಿಡಿದು ಬಂದ ಬಡವರನ್ನ ಬರಿಗೈಲಿ ಕಳಿಸಬಾರದು. ಕತೆ ನನ್ನ ಬಾಯಿಂದ ಇಳಿಯಿತು. ಇನ್ನು ನಿಮ್ಮ ಮನಸ್ಸಲ್ಲಿ ಇರಲಿ.