ಊರುಗೋಲೂ ಆಟದ ಹಲಗೆಯೂ

ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಪುಟ್ಟತಾಯಮ್ಮ ಮನೆಯ ಹೊಸ್ತಿಲು ದಾಟಿರಲಿಲ್ಲ. ಹೊಸ್ತಿಲು ಗೇಣೆತ್ತರದ್ದು. ತುಳಿಯುವ ಹಾಗಿಲ್ಲ, ಎತ್ತಿ ದಾಟಲು ಕಾಲು ಏಳುತ್ತಿರಲಿಲ್ಲ. ಎದುರು ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಅಕ್ಕನ ಮುಖ ನೋಡಿ ಏಳು ತಿಂಗಳಾಗಿತ್ತು. ಪುಟ್ಟತಾಯಮ್ಮನ ಊರುಗೋಲಿಗೆ ಮಾತ್ರ ಹೆಮ್ಮೆ: ತಾನಿಲ್ಲದೆ ಅವ್ವನಿಗೆ ಒಂದು ಹೆಜ್ಜೆಯೂ ಇಲ್ಲ.

ಮಗಳು ಟಿ.ವಿ. ಮುಂದೆ ಆಟದ ಹಲಗೆಯೊಂದನ್ನು ತಂದಿಟ್ಟಳು. ಅದರ ಮೇಲೆ ನಿಂತು ಕಾಲೆತ್ತಿದರೆ ಪರದೆಯ ಮೇಲಿನ ಮೇಕೆ ಬೇಲಿ ಹಾರಬೇಕು.

"ಮುದುಕಿಗೆ ಮಕ್ಕಳಾಟವೇ? ಬಿದ್ದರೆ ಯಾರು ಹೊಣೆ?" ಎಂದು ಕೇಳಿತು ಊರುಗೋಲು.

"ಬೀಳಬಾರದೆಂದೇ ಈ ಆಟ. ನೀನು ಪಕ್ಕದಲ್ಲಿರು," ಎಂದಿತು ಹಲಗೆ.

ಮೊದಲ ದಿನ ಮೇಕೆ ಬೇಲಿಗೆ ಬಡಿದು ಬಿತ್ತು. ಊರುಗೋಲು ನಕ್ಕಿತು.

"ಈ ಹಾಳು ಮೇಕೆಯನ್ನು ದಾಟಿಸದೆ ಬಿಡೋಳಲ್ಲ ನಾನು," ಎಂದಳು ಅವ್ವ. ಕೋಲು ಹಿಡಿದೇ ದಿನವೂ ಕಾಲೆತ್ತಿದಳು. ವಾರ ಕಳೆದಂತೆ ಅವಳ ಕೈಯ ಭಾರ ಹಗುರಾಗುತ್ತಿದ್ದದ್ದು ಕೋಲಿಗೆ ತಿಳಿಯಿತು.

ಮೂರನೆಯ ತಿಂಗಳು ಅವ್ವ ಕೋಲನ್ನು ಗೋಡೆಗೆ ಒರಗಿಸಿ, ಬಾಗಿಲ ಚೌಕಟ್ಟು ಹಿಡಿದು, ಹೊಸ್ತಿಲಿಗೆ ಕಾಲು ತಾಗಿಸದೆ ಆಚೆ ಇಳಿದಳು.

"ಇನ್ನು ನನಗೇನು ಕೆಲಸ?" ಎಂದಿತು ಕೋಲು.

ಅವ್ವ ಹೊರಗಿನಿಂದಲೇ ಕೈ ಚಾಚಿ ಅದನ್ನು ಎಳೆದುಕೊಂಡಳು. "ಬಾರೋ ಸುಮ್ಮನೆ. ಅಕ್ಕನ ಬಾಗಿಲಲ್ಲಿ ನಾಯಿ ಮಲಗಿದೆ. ಅದನ್ನು ಎಬ್ಬಿಸೋರು ಯಾರು?"