ಹಸಿರು ಸೀರೆಯ ಮೊದಲ ಮಡಿಕೆ

"ತಂದವನು ಕೊಟ್ಟೆ ಅಂತಾನ, ಕೊಂಡಾಕಿ ಬಂದಿಲ್ಲ ಅಂತಾಳ. ಇಬ್ಬರೊಳಗ ಒಬ್ಬರು ಸುಳ್ಳರ ಅಲ್ಲೇನವ್ವಾ? ಯಾರು ಅಂತ ಹಿಡಿಯೂದು ಹೆಂಗ?"

ಹೀಗೆ ಕೇಳಿದವಳು ಕಸ್ತೂರಿ. ಬಾಳವ್ವನ ಹತ್ತಿರ ಕೌದಿ ಹೊಲಿಯುವುದನ್ನು ಕಲಿತವಳು. ಹೊಲಿದ ಕೌದಿಗಳ ಚಿತ್ರವನ್ನು ಫೋನಿನಲ್ಲಿ ಹಾಕಿ ಮಾರುತ್ತಿದ್ದಳು. ದೂರದ ಊರಿನ ಹೆಂಗಸೊಬ್ಬಳು ಕೌದಿ ಬಂದೇ ಇಲ್ಲವೆಂದು ಬರೆದಿದ್ದಳು. ಪಾರ್ಸೆಲ್ಲು ಎಲ್ಲಿ ಹತ್ತಿತು, ಎಲ್ಲಿ ಇಳಿಯಿತು ಎಂಬುದೆಲ್ಲ ಕಸ್ತೂರಿಯ ಫೋನಿನಲ್ಲಿ ಕಾಣುತ್ತಿತ್ತು. ಕೊನೆಯಲ್ಲಿ 'ತಲುಪಿಸಲಾಗಿದೆ' ಎಂದಿತ್ತು. ಹೀಗೆ ಮಾರುವವರೆಲ್ಲ ಸೇರಿಕೊಂಡ ಗುಂಪೊಂದು ಫೋನಿನಲ್ಲಿತ್ತು. ಸುಳ್ಳು ಹೇಳುವ ಗಿರಾಕಿಗಳ ಹೆಸರನ್ನು ಆ ಗುಂಪಿನಲ್ಲಿ ಹಾಕುವುದು ರೂಢಿ. ಹಾಕಿದ ಮೇಲೆ ಅವರಿಗೆ ಯಾರೂ ಏನೂ ಮಾರುವುದಿಲ್ಲ. ಕಸ್ತೂರಿ ಆ ಹೆಂಗಸಿನ ಹೆಸರು, ಊರು, ನಂಬರು ಎಲ್ಲ ಬರೆದಿಟ್ಟಿದ್ದಳು. ಒತ್ತುವುದೊಂದೇ ಬಾಕಿ.

ಬಾಳವ್ವ ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು.

"ಬಾಗಲಾ ಮುಂದ ಮಾಡು."

ಕಸ್ತೂರಿ ಬಾಗಿಲು ಮುಚ್ಚಿದಳು.

"ಕಿಡಕಿ."

ಅದನ್ನೂ ಮುಚ್ಚಿದಳು. ಬಾಳವ್ವ ದನಿ ತಗ್ಗಿಸಿದಳು.

"ಹೇಳ್ತೀನಿ. ಆದರ ನಿನ್ನ ಗಂಡನ ಕಿವಿಗೂ ಬೀಳಬಾರದು. ಇಂಥಾ ಮಾತು ನಾ ಯಾರ ಮುಂದೂ ಆಡೂದಿಲ್ಲ. ಆಡಿದರೂ ನಂಬಿಗಿ ಇದ್ದವರ ಮುಂದ ಅಷ್ಟ."

ಓಣಿಯಲ್ಲಿ ಬಾಳವ್ವನ ನಂಬಿಗೆಗೆ ಹೊರಗಾದವರು ಯಾರೂ ಇರಲಿಲ್ಲ. ಆದರೂ ಕಸ್ತೂರಿ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದಳು. ಬಾಳವ್ವ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಕತೆ ತೆಗೆದಳು.

ಒಂದು ಊರಿನಲ್ಲಿ ಹಪ್ಪಳ ಮಾರುವವಳೊಬ್ಬಳಿದ್ದಳು. ಹೆಸರು ಕೇಳಬೇಡ. ನನ್ನ ಸೊಸೆಯ ತವರೂರು ಎಂದರೆ ಸಾಕು. ಸೊಸೆಗೂ ಹೇಳಬೇಡ. ಆ ಹಪ್ಪಳದವಳ ಕೈ ಒಳ್ಳೆಯದು. ಹಪ್ಪಳ ಎಣ್ಣೆಗೆ ಬಿದ್ದರೆ ಅರಳುತ್ತಿತ್ತು. ಮಾತು ಅವಳ ಬಾಯಿಗೆ ಬಿದ್ದರೆ ಅದಕ್ಕಿಂತ ಹೆಚ್ಚು ಅರಳುತ್ತಿತ್ತು. ಅವಳೂ ನಿನ್ನ ಹಾಗೆ ಫೋನಿನಲ್ಲೇ ವ್ಯಾಪಾರ ಮಾಡುತ್ತಿದ್ದಳು. ಪಾರ್ಸೆಲ್ಲಿನವನು ದಿನವೂ ಮಧ್ಯಾಹ್ನ ಬಂದು ಹಪ್ಪಳದ ಪೆಟ್ಟಿಗೆ ಒಯ್ಯುತ್ತಿದ್ದ.

ಒಂದು ಸಲ ಅವಳಿಗೂ ನಿನಗಾದದ್ದೇ ಆಯಿತು. ಕೊಂಡವನೊಬ್ಬ ಹಪ್ಪಳ ಬಂದಿಲ್ಲ ಎಂದ. ಫೋನು ತಲುಪಿದೆ ಎಂದಿತು. ಅವಳು ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಕೇಳುವಂತೆ ಹೇಳಿದಳು: "ತಿಂದು ಬಾಯಿ ಒರಸ್ಕೊಂಡಾನ. ಫೋನಿಗೇನು ಹೊಟ್ಟಿ ಐತೇನು, ಸುಳ್ಳು ಹೇಳಾಕ?" ಬಂದಿಲ್ಲ ಎನ್ನುವವರೆಲ್ಲ ಕಳ್ಳರು ಎಂಬುದು ಅಂದಿನಿಂದ ಅವಳ ಪಾಲಿಗೆ ವೇದವಾಯಿತು.

ಅವಳ ಎದುರು ಮನೆಯಲ್ಲಿ ಗಂಡ ಸತ್ತವಳೊಬ್ಬಳು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಒಬ್ಬಳೇ ಮಗಳು. ಆ ಮಗಳು ಹುಟ್ಟಿದಾಗ ಬಾಣಂತನ ಮಾಡಿದವಳು ಇದೇ ಹಪ್ಪಳದವಳು. ಕೂಸಿಗೆ ಮೊದಲ ನೀರು ಎರೆದ ಕೈ ಇವಳದು. ಈಗ ಆ ಮಗಳು ಚೊಚ್ಚಲ ಬಸುರಿ. ಕುಬಸ ಮಾಡಿಸಿಕೊಳ್ಳಲು ತವರಿಗೆ ಬಂದಿದ್ದಳು.

ಕುಬಸದಲ್ಲಿ ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುತ್ತಾರೆ, ನಿನಗೆ ಗೊತ್ತು. ಆ ಓಣಿಯಲ್ಲಿ ಅದಕ್ಕೊಂದು ಪದ್ಧತಿ. ತಾಯಿಗೆ ಗಂಡನಿಲ್ಲದಿದ್ದರೆ ಉಡಿ ತುಂಬಲು ಇನ್ನೊಬ್ಬ ಮುತ್ತೈದೆ ಬೇಕು. ಆ ಮುತ್ತೈದೆಯನ್ನು ಬಾಯಿಮಾತಿನಲ್ಲಿ ಕರೆಯುವಂತಿಲ್ಲ. ಬಸುರಿ ಉಡುವ ಸೀರೆಯನ್ನು ಮೊರದಲ್ಲಿಟ್ಟು ಅವಳ ಮನೆಗೆ ಒಯ್ಯಬೇಕು. ಅಲ್ಲಿಯವರೆಗೆ ಬರಿಗೈಯಲ್ಲಿ ಅವಳ ಹೊಸ್ತಿಲು ತುಳಿಯಬಾರದು. ಸೀರೆಯ ಮೊದಲ ಮಡಿಕೆಯನ್ನು ಅವಳೇ ಬಿಚ್ಚಬೇಕು. ಬಿಚ್ಚಿದ ಕೈಯೇ ಉಡಿ ತುಂಬಬೇಕು. ಆಮೇಲೆ ಬದಲಾಯಿಸುವಂತಿಲ್ಲ. ಗಂಡ ಸತ್ತರೆ ಹೆತ್ತವಳ ಕೈಯೂ ಸತ್ತಂತೆ ಎಂದು ಯಾವ ಪುಣ್ಯಾತ್ಗಿತ್ತಿ ಲೆಕ್ಕ ಹಾಕಿದಳೋ, ಅವಳ ಮಾತು ಈಗ ಬೇಡ.

ಕುಬಸ ಹತ್ತಿರ ಬಂತು. ಎದುರು ಮನೆಯವಳು ಓಣಿಯನ್ನೆಲ್ಲ ಕರೆದಳು. ಮೂಲೆ ಮನೆಯ ಮಾಸ್ತರನ ಹೆಂಡತಿಯನ್ನು ಕರೆದಳು. ನಳದ ನೀರು ಬಿಡುವವನ ಮನೆಯವರನ್ನು ಕರೆದಳು. ಹಪ್ಪಳದವಳ ಮನೆಯನ್ನು ಮಾತ್ರ ದಾಟಿಕೊಂಡು ಹೋದಳು. ಹಪ್ಪಳದವಳು ಬಾಗಿಲು ತೆರೆದಿಟ್ಟು ಕಾದಳು. ಮರುದಿನ ಒಳ್ಳೆಯ ಸೀರೆ ಉಟ್ಟು ಕಾದಳು. ಬರಲಿಲ್ಲ. ಸಿಟ್ಟು ಬಂದವಳಿಗೆ ಪದ್ಧತಿ ನೆನಪಿರುತ್ತದೆಯೇ? 'ಮಾಸ್ತರನ ಹೆಂಡತಿಯ ಕೈಯಿಂದ ತುಂಬಿಸುವ ಹುನ್ನಾರ. ಸಂಬಳದವರ ಕೈ, ಭಾರ ಹೆಚ್ಚು' ಎಂದುಕೊಂಡಳು. ಎಂದುಕೊಂಡದ್ದನ್ನು ಸಂಜೆಯೊಳಗೆ ಕಣ್ಣಾರೆ ಕಂಡದ್ದು ಮಾಡಿ ಮನೆಮನೆಗೆ ಹಂಚಿದಳು.

ಇಂಥದರಲ್ಲಿ ಪಾರ್ಸೆಲ್ಲಿನವನು ಒಂದು ಪೊಟ್ಟಣ ಹಿಡಿದು ಬಂದ. ಎದುರು ಮನೆಗೆ ಬೀಗ. ತಾಯಿ ಶಾಲೆಗೆ, ಮಗಳು ದವಾಖಾನೆಗೆ. ಹಪ್ಪಳದವಳ ಮನೆ ಅವನಿಗೆ ಸಲಿಗೆಯದು. "ಯಕ್ಕಾ, ಎದುರು ಮನಿದು. ಕೊಟ್ಟುಬಿಡು" ಎಂದು ಕೈಗಿಟ್ಟ. ಫೋನಿನಲ್ಲಿ ತಲುಪಿತೆಂದು ಒತ್ತಿ ಹೋದ. ಅವಳೂ "ಕೊಡ್ತೀನಿ" ಎಂದಳು. ಆ ಹೊತ್ತಿಗೆ ಕೊಡುವ ಮನಸ್ಸೇ ಅವಳಿಗಿತ್ತು. ಇದ್ದದ್ದನ್ನು ಇಲ್ಲ ಎನ್ನಬಾರದು.

ಆದರೆ ಪೊಟ್ಟಣ ಮೆತ್ತಗಿತ್ತು. ಮೆತ್ತಗಿನದು ಏನೆಂದು ನೋಡದೆ ಕೊಡುವಷ್ಟು ಸನ್ಯಾಸ ಅವಳಿಗೆ ಬಂದಿರಲಿಲ್ಲ. ಒಂದು ತುದಿ ಹರಿದಳು. ಹಸಿರು ಕಂಡಿತು. ಇನ್ನೊಂದು ತುದಿಯನ್ನೂ ಹರಿದಳು. ಕೆಂಪು ಅಂಚಿನ ಹಸಿರು ಸೀರೆ. ಸೆರಗು ಹೇಗಿದೆ ನೋಡೋಣವೆಂದು ಒಂದು ಮಡಿಕೆ ಬಿಚ್ಚಿದಳು. ನೋಡಿದಳು. ಬಂದಂತೆ ಮಡಚಿದಳು. ಈ ಸೀರೆ ಮೊರದಲ್ಲಿ ಕೂತು ಮಾಸ್ತರನ ಮನೆಗೆ ಮೆರವಣಿಗೆ ಹೋಗುವುದು ಕಣ್ಣಿಗೆ ಕಟ್ಟಿತು. 

"ಬೇಕಾದರ ಬಂದು ಕೇಳಲಿ. ಬಾಯಿ ಹೊಲಿದಾರೇನು?" ಎಂದು ಅದನ್ನು ಅಟ್ಟದ ಮೇಲೆ, ಉದ್ದಿನ ಡಬ್ಬಿಯ ಹಿಂದೆ ಇಟ್ಟಳು.

ಎದುರು ಮನೆಯವಳು ಸೀರೆಯ ದಾರಿ ನೋಡಿದಳು. ಬರಲಿಲ್ಲ. ಮಗಳ ಫೋನು ಮಾತ್ರ ಬಂದಿದೆ ಎನ್ನುತ್ತಿತ್ತು. ಪಾರ್ಸೆಲ್ಲಿನವನನ್ನು ಕೇಳೋಣವೆಂದರೆ ಅವನು ಬರುವ ಹೊತ್ತಿಗೆ ಇವಳು ಶಾಲೆಯ ಒಲೆಯ ಮುಂದೆ, ಬಸುರಿ ಮಗಳು ಒಳಗೆ ನಿದ್ದೆಯಲ್ಲಿ. ಓಣಿಯ ಮನೆಮನೆಗೆ ಹೋಗಿ, "ನಮ್ಮದೊಂದು ಪಾರ್ಸೆಲ್ಲು ತಗೊಂಡೀರೇನು?" ಎಂದು ಕೇಳಿದಳು. ಹಪ್ಪಳದವಳ ಮನೆಗೆ ಮಾತ್ರ ಹೋಗಲಿಲ್ಲ. ಹಪ್ಪಳದವಳು ಬಾಗಿಲ ಸಂದಿಯಿಂದ ಎಲ್ಲವನ್ನೂ ನೋಡಿದಳು. 'ಕೇಳುವುದಕ್ಕೂ ನನ್ನ ಮನೆ ಬೇಡವಾಯಿತು' ಎಂದು ಉದ್ದಿನ ಡಬ್ಬಿಯನ್ನು ಇನ್ನೂ ಸ್ವಲ್ಪ ಮುಂದಕ್ಕೆ ಸರಿಸಿದಳು.

ಕೊನೆಗೆ ಎದುರು ಮನೆಯವಳು ಸೀರೆ ಮಾರಿದವನಿಗೆ ಹೇಳಿಕಳಿಸಿದಳು. ಅವನು ದೂರದ ಊರಿನವನು. ಕೆಟ್ಟವನಲ್ಲ. ಮುಖ ಕಾಣದ ವ್ಯಾಪಾರ, ಅವನಾದರೂ ಯಾರನ್ನು ನಂಬಬೇಕು? ನಿನ್ನಂಥವರದೊಂದು ಗುಂಪಿನಲ್ಲಿ ಅವನೂ ಇದ್ದ, ಹಪ್ಪಳದವಳೂ ಇದ್ದಳು. ಅಲ್ಲಿ ಕೇಳಿದ: "ಆ ಊರಿನವರು ಯಾರಾದರೂ ಇದ್ದೀರಾ? ಈ ಹೆಂಗಸು ಎಂಥವಳು? ನಂಬಿಗಸ್ಥಳಾದರೆ ಇನ್ನೊಂದು ಸೀರೆ ಕಳಿಸುತ್ತೇನೆ. ಮಗಳ ಕುಬಸಕ್ಕೆ ಬೇಕಂತೆ."

ಹಪ್ಪಳದವಳು ಅದನ್ನು ಓದಿದಳು. ಒಮ್ಮೆ ಅಟ್ಟದ ಕಡೆ ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಗಂಡಸಾದವನು ತನ್ನ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ. ಹೆಂಗಸು ಪಕ್ಕದವಳ ಹೆಗಲು ತೋರಿಸುತ್ತಾಳೆ. ಇವಳು ಫೋನನ್ನು ಬಾಯಿಯ ಹತ್ತಿರ ಹಿಡಿದು ಮಾತು ತುಂಬಿ ಕಳಿಸಿದಳು:

"ಕಳಸಬ್ಯಾಡ್ರಿ ಅಣ್ಣಾರ. ನಾ ಎದುರು ಮನಿಯಾಕಿನ. ಸಾಲ್ಯಾಗಿನ ಬ್ಯಾಳಿ ಆಕಿ ಮನಿಗೆ ಬರ್ತಾವು. ಸೀರಿ ಬಂದಿಲ್ಲ ಅಂದ್ರ ನಾವು ನಂಬಬೇಕೇನು?"

ಬೇಳೆಯ ಮಾತು ಹುಟ್ಟಿದ್ದು ಆ ಗಳಿಗೆಯಲ್ಲಿ. ಅದಕ್ಕೆ ಹಿಂದಿಲ್ಲ ಮುಂದಿಲ್ಲ. ಆದರೂ ಅದು ಬಂಗಾರದಂಥ ಮಾತು, ಕೇಳಿದವರೆಲ್ಲ ಕೊರಳಿಗೆ ಹಾಕಿಕೊಂಡರು. ಸೀರೆಯವನು ಇನ್ನೊಂದು ಸೀರೆ ಕಳಿಸಲಿಲ್ಲ. ಎದುರು ಮನೆಯವಳ ಹೆಸರನ್ನು ಗುಂಪಿನಲ್ಲಿ ಹಾಕಿದ. ಮಾತು ಆ ಗುಂಪಿನಿಂದ ಇನ್ನೊಂದು ಗುಂಪಿಗೆ ಹೋಯಿತು. ಶಾಲೆಗೆ ಹೋಯಿತು. ಹೆಡ್‌ಮಾಸ್ತರು ಮನೆಗೆ ಹೊರಟವಳ ಚೀಲ ಬಿಚ್ಚಿಸಿ ನೋಡಿದರು. ಒಳಗೆ ಒಂದು ಡಬ್ಬಿ, ಒಂದು ಟವೆಲ್ಲು. ಮಾತು ಬೀಗರ ಊರಿಗೂ ಹೋಯಿತು. ಯಾರ ಬಾಯಿಂದ ಹೊರಟಿತು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಬೀಗತಿ ಹೇಳಿಕಳಿಸಿದಳು: "ಕುಬಸದ ದಿನ ಬರ್ತೀವಿ. ಸೊಸಿ ಹಸಿರು ಸೀರಿ ಉಟ್ಟು ಕುಂತಿದ್ದರ ಸರಿ. ಇಲ್ಲಂದ್ರ ಅವತ್ತ ಕರಕೊಂಡು ಹೋಗ್ತೀವಿ. ಹೆರಿಗಿಗೂ ಕಳಸೂದಿಲ್ಲ. ಕಳ್ಳರ ಮನ್ಯಾಗ ನಮ್ಮ ಕೂಸು ಹುಟ್ಟೂದು ಬ್ಯಾಡ."

ಕುಬಸದ ಹಿಂದಿನ ದಿನ ಎದುರು ಮನೆಯವಳು ಶಾಲೆಗೆ ಹೋಗಲಿಲ್ಲ. ಮಧ್ಯಾಹ್ನ ಮೊರ ಹಿಡಿದುಕೊಂಡು ಓಣಿ ದಾಟಿದಳು. ಮಾಸ್ತರನ ಮನೆಯ ಕಡೆ ತಿರುಗಲಿಲ್ಲ. ನೆಟ್ಟಗೆ ಬಂದು ಹಪ್ಪಳದವಳ ಹೊಸ್ತಿಲು ದಾಟಿದಳು. ಮೊರದಲ್ಲಿ ಅರಿಷಿಣ, ಕುಂಕುಮ, ಒಂದು ಹಸಿರು ಸೀರೆ. ಹೊಸದಲ್ಲ.

"ಯಕ್ಕಾ, ಇದು ಮಗಳ ಮದುವಿದು. ಒಗದು ತಂದೀನಿ. ಹೊಸಾದು ಬರಲಿ, ಬಂದ ಕೂಡಲೆ ನಿನ್ನ ಮನಿಗೆ ತರೂಣು ಅಂತ ಇಷ್ಟು ದಿನಾ ಕಾದೆ. ಬರಲಿಲ್ಲ. ಬರಿಗೈಲೆ ನಿನ್ನ ಹೊಸ್ತಿಲ ಹೆಂಗ ತುಳೀಲಿ? ಅದಕ್ಕ ಈ ಕಡೆ ಹಾಯಲಿಲ್ಲ, ತಪ್ಪು ತಿಳ್ಕೋಬ್ಯಾಡ. ಕೂಸಿಗೆ ಮೊದಲ ನೀರು ಹಾಕಿದಾಕಿ ನೀನು. ಉಡಿ ತುಂಬಾಕ ಬ್ಯಾರೆ ಯಾರನ್ನ ಕರೀಲಿ? ಇದರ ಮಡಿಕೀನ ಬಿಚ್ಚು."

ಹಪ್ಪಳದವಳ ಕೈ ಮೊರದವರೆಗೆ ಹೋಗಲಿಲ್ಲ. ಆಗಲಾದರೂ ಅಟ್ಟ ಹತ್ತಬಹುದಿತ್ತು. ಹತ್ತಲಿಲ್ಲ. ಹರಿದ ಪೊಟ್ಟಣಕ್ಕೆ ಯಾವ ಕತೆ ಹೊಂದುತ್ತದೆ ಎಂದು ನೋಡುತ್ತಿದ್ದಳು. ಇಲಿಯ ಕತೆ ಒಂದು ಹೊಂದುವಂತಿತ್ತು. ಅಷ್ಟರಲ್ಲಿ ಪಾರ್ಸೆಲ್ಲಿನವನು ಹಪ್ಪಳದ ಪೆಟ್ಟಿಗೆ ಒಯ್ಯಲು ಬಂದ. ಎದುರು ಮನೆಯವಳನ್ನು ನೋಡಿದ.

"ಏನ್ರಿ ಅವ್ವಾರ, ನಿಮ್ಮ ಪಾರ್ಸೆಲ್ಲು ಮುಟ್ಟಿತಲ್ರಿ? ಅವತ್ತು ನಿಮ್ಮ ಮನಿಗೆ ಬೀಗ ಇತ್ತು. ಈ ಯಕ್ಕನ ಕೈಯಾಗ ಕೊಟ್ಟಿದ್ದೆ."

ಪೆಟ್ಟಿಗೆ ಹೊತ್ತುಕೊಂಡು ಹೋದ. ಅವನ ಗಾಡಿಯ ಸದ್ದು ಓಣಿಯ ತುದಿಯವರೆಗೆ ಕೇಳಿತು. 

ಆಮೇಲೆ ಹಪ್ಪಳದವಳು ಎದ್ದಳು. ಅಟ್ಟ ಹತ್ತಿದಳು. ಉದ್ದಿನ ಡಬ್ಬಿ ಸರಿಸಿ ಪೊಟ್ಟಣ ಇಳಿಸಿ ತಂದಳು.

ಬಾಳವ್ವ ಇಲ್ಲಿಗೆ ನಿಲ್ಲಿಸಿ ಎಲೆಯ ರಸ ಉಗುಳಲು ಎದ್ದಳು. ಬಾಗಿಲು ತೆರೆದು, ಓಣಿಯ ಎರಡೂ ಕಡೆ ನೋಡಿ, ಉಗುಳಿ, ಬಾಗಿಲು ಮುಚ್ಚಿ ಬಂದು ಕೂತಳು. ಸೂಜಿ ಕಿತ್ತು ಮತ್ತೆ ಹೊಲಿಯತೊಡಗಿದಳು.

ಕಸ್ತೂರಿ ಫೋನನ್ನು ಬೋರಲು ಮಾಡಿ ನೆಲದ ಮೇಲೆ ಇಟ್ಟಿದ್ದಳು.

"ಹಂಗಾರ ತಂದವನೂ ಸುಳ್ಳಲ್ಲ, ಬಂದಿಲ್ಲ ಅಂದಾಕೀನೂ ಸುಳ್ಳಲ್ಲ" ಎಂದಳು.

ಬಾಳವ್ವ ದಾರ ಹಲ್ಲಿಗೆ ಸಿಕ್ಕಿಸಿ ಕಡಿದಳು.

ಕಸ್ತೂರಿಗೆ ತಡೆಯಲಾಗಲಿಲ್ಲ. "ಆಕಿ ಏನಂದ್ಲವ್ವಾ? ಬೈದಳೇನು? ಕೂದಲಾ ಹಿಡದಳೇನು?"

ಬಾಳವ್ವ ಹೇಳಿದಳು. ಆ ಓಣಿಯೂ ಅದನ್ನೇ ಕೇಳಲು ಕಿವಿ ತೆರೆದು ಕೂತಿತ್ತು. ಬೈಗುಳ ಒಂದೂ ಹೊರಗೆ ಬರಲಿಲ್ಲ. ಎದುರು ಮನೆಯವಳು ಆ ಪೊಟ್ಟಣ ತೆಗೆದುಕೊಂಡಳು. ಹರಿದ ತುದಿ ನೋಡಿದಳು. ತಿರುಗುಮುರುಗಾಗಿ ಕೂತ ಮಡಿಕೆಯನ್ನು ನೋಡಿದಳು. ಹೊಸ ಸೀರೆಯನ್ನು ಮೊರದಲ್ಲಿ ಹಳೆಯದರ ಮೇಲೆ ಇಟ್ಟಳು. ಹಪ್ಪಳದವಳ ಹಣೆಗೆ ಕುಂಕುಮ ಹಚ್ಚಿದಳು. ಮೊರ ಎತ್ತಿಕೊಂಡು ಎದ್ದು ನಿಂತು ಅವಳ ಮುಖಕ್ಕೆ ಹೇಳಿದಳು:

"ಮೊದಲ ಮಡಿಕಿ ನೀನ ಬಿಚ್ಚೀದಿ, ಯಕ್ಕಾ. ಇನ್ನ ಬ್ಯಾರೆಯವರನ್ನ ಕರಿಯೂ ಹಂಗಿಲ್ಲ. ನಾಳೆ ಬಂದು ಉಡಿ ತುಂಬು."